ಜಿಯೋಕ್ಯಾಶಿಂಗ್ ಲಾಗ್‌ಗಳಿಗೊಂದು ಖಣದ ರಟ್ಟು

ಡಬ್ಬಿ ಸಿಕ್ಕಿತು, ಒಳಗಿನ ಚೀಟಿಯಲ್ಲಿ ಹೆಸರು ಬರೆದೆವು, ಮನೆಗೆ ಬಂದು ಆ್ಯಪ್‌ನಲ್ಲಿ ನಾಲ್ಕು ಸಾಲು ಹಾಕಿದೆವು. ಜಿಯೋಕ್ಯಾಶಿಂಗ್, ಅಂದರೆ ಯಾರೋ ಅಡಗಿಸಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕುವ ಆಟ, ಆಡುವವರ ಕತೆ ಇಷ್ಟೇ ಅಲ್ವಾ? ಲಾಗ್ ಅನ್ನುವ ಆ ನಾಲ್ಕು ಸಾಲು ಇರುವುದು ಸಿಯಾಟಲ್‌ನ ಒಂದು ಕಂಪನಿಯ ಸರ್ವರ್‌ನಲ್ಲಿ. ಡಬ್ಬಿ ಇಟ್ಟವರು ಮನಸ್ಸು ಮಾಡಿದರೆ ನಿಮ್ಮ ಲಾಗ್ ಅಳಿಸಬಹುದು. ಡಬ್ಬಿ ಆರ್ಕೈವ್ ಆದರೆ, ಅಂದರೆ ಆಟದಿಂದ ತೆಗೆದರೆ, ನಕ್ಷೆಯಿಂದಲೇ ಹೋಗುತ್ತದೆ. ಜಿಸಿ ನಂಬರ್, ಅಂದರೆ ಸೈಟು ಆ ಡಬ್ಬಿಗೆ ಕೊಟ್ಟ ಗುರುತು, ಗೊತ್ತಿಲ್ಲದವರಿಗೆ ಆ ಪುಟ ಸುಲಭಕ್ಕೆ ಸಿಗುವುದಿಲ್ಲ. ಇನ್ನು ಮನೆಯ ಹಿರಿಯರು ಆ್ಯಪ್ ತೆರೆದು ನಮ್ಮ ಲಾಗ್ ಓದುತ್ತಾರೆ ಅನ್ನುವುದನ್ನು ಮರೆತುಬಿಡಿ. ಹಾಗಾಗಿ ನಾನು ನನ್ನ ಲಾಗ್‌ಗಳನ್ನು ಪುಸ್ತಕ ಮಾಡಿಸಿಕೊಂಡೆ. ಮಾಡುವ ಬಗೆ ಕೇಳಿದವರಿಗಾಗಿ ಇದನ್ನು ಬರೆದಿದ್ದೇನೆ.

ನಾನು ಬಾಗಲಕೋಟೆ ನವನಗರದವಳು, ಬ್ಯಾಂಕಿನಲ್ಲಿ ಕೆಲಸ. ರವಿವಾರ ತಮ್ಮನ ಬೈಕ್ ಹತ್ತಿ ಬಾದಾಮಿ, ಐಹೊಳೆ, ವಿಜಯಪುರ, ಒಮ್ಮೊಮ್ಮೆ ಗೋಕಾಕದವರೆಗೂ ಹೋಗುತ್ತೇವೆ. ನಮ್ಮವ್ವ ಇದಕ್ಕೆ ಇಟ್ಟ ಹೆಸರು "ಡಬ್ಬಿ ಹುಚ್ಚು".

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಡಬ್ಬಿಗಳು ಕಡಿಮೆ. ಯುರೋಪಿನವರ ಹಾಗೆ ಒಂದೇ ದಿನ ಊರು ಸುತ್ತಿ ರಾಶಿ ಹಾಕಲು ಆಗುವುದಿಲ್ಲ. ಸಿಕ್ಕ ಡಬ್ಬಿಗಳ ಲಾಗ್ ಮಾತ್ರ ಹಾಕಿದರೆ ಪುಸ್ತಕ ಅಲ್ಲ, ಪಾಂಪ್ಲೆಟ್ ಆಗುತ್ತದೆ. ಸಿಗದೇ ಇದ್ದದ್ದು, ದಾರಿ, ಜೊತೆಗೆ ಬಂದವರು, ದಾರಿಯಲ್ಲಿ ಮಾತಾಡಿಸಿದವರು, ಎಲ್ಲ ಒಳಗೆ ಬರಬೇಕು. ಕೆಳಗೆ ಹೇಳಿರುವ ಕೆಲಸ ಬಹುಪಾಲು ಅದಕ್ಕಾಗಿಯೇ.

ಲಾಗ್ ಹೊರಗೆ ತೆಗೆಯುವುದು

ಸೈಟಿಗೆ ದುಡ್ಡು ಕಟ್ಟಿದ ಪ್ರೀಮಿಯಂ ಸದಸ್ಯರಾದರೆ ಸುಲಭ. ಸೈಟಿನ ಪಾಕೆಟ್ ಕ್ವೆರಿ ಅನ್ನುವ ಪುಟದಲ್ಲಿ 'ಮೈ ಫೈಂಡ್ಸ್' ಅಂತ ಒಂದು ಬಟನ್ ಇದೆ. ಒತ್ತಿದರೆ ಸ್ವಲ್ಪ ಹೊತ್ತಿಗೆ ಜಿಪ್ ಫೈಲ್ ತಯಾರಾಗುತ್ತದೆ. ಒಳಗೆ ಜಿಪಿಎಕ್ಸ್ ಫೈಲ್ ಇರುತ್ತದೆ. ಪದೇ ಪದೇ ಒತ್ತಲು ಬರುವುದಿಲ್ಲ, ಮೂರು ದಿನಕ್ಕೊಮ್ಮೆ ಮಾತ್ರ. ಜಿಪಿಎಕ್ಸ್ ಅಂದರೆ ಸಾದಾ ಅಕ್ಷರದ ಫೈಲೇ. ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಆಗುತ್ತದೆ. ಕೋನದ ಆವರಣಗಳ ಗದ್ದಲದ ನಡುವೆ ನಿಮ್ಮ ಸಾಲುಗಳು ಕಾಣುತ್ತವೆ.

ಆದರೆ ಈ ಫೈಲಿನಲ್ಲಿ ಇರುವುದು ಸಿಕ್ಕವು ಮಾತ್ರ. ಸಿಗಲಿಲ್ಲ ಅಂತ ಹಾಕಿದ ಡಿಎನ್‌ಎಫ್ ಲಾಗ್ ಇರುವುದಿಲ್ಲ. ಸುಮ್ನೆ ಹಾಕಿದ ನೋಟ್ ಇರುವುದಿಲ್ಲ. ಫೋಟೋನೂ ಇರುವುದಿಲ್ಲ. ಇವನ್ನೆಲ್ಲ ನಿಮ್ಮ ಖಾತೆಯ ಲಾಗ್ ಪಟ್ಟಿಗೆ ಹೋಗಿ ಒಂದೊಂದಾಗಿ ಕಾಪಿ ಮಾಡಬೇಕು. ಪ್ರೀಮಿಯಂ ಇಲ್ಲದವರು ಎಲ್ಲವನ್ನೂ ಹೀಗೇ ತೆಗೆಯಬೇಕು. ನಮ್ಮ ಕಡೆಯವರ ಲಾಗ್‌ಗಳು ಎಷ್ಟಿದ್ದಾವು? ಒಂದೆರಡು ಸಂಜೆಯ ಕೆಲಸ. ಇದಕ್ಕೋಸ್ಕರ ದುಡ್ಡು ಕೊಟ್ಟು ಪ್ರೀಮಿಯಂ ಆಗಬೇಡಿ. ಕೈಯಾರೆ ಕಾಪಿ ಮಾಡಿದರೆ ಪ್ರತಿ ಲಾಗ್ ಮತ್ತೊಮ್ಮೆ ಓದಿದ ಹಾಗೂ ಆಗುತ್ತದೆ. ಯಾವುದಕ್ಕೆ ಇನ್ನೂ ಬರೆಯಬೇಕು ಅನ್ನುವುದು ಅಲ್ಲೇ ತಿಳಿಯುತ್ತದೆ.

ಜಿಪಿಎಕ್ಸ್‌ನಲ್ಲಿ ತಾರೀಖಿನ ಮುಂದೆ ಒಂದು ಗಂಟೆಯೂ ಕಾಣುತ್ತದೆ. ಅದನ್ನು ನಂಬಬೇಡಿ. ಅದು ಸೈಟಿನ ಕಂಪ್ಯೂಟರ್ ತಾನೇ ತುಂಬಿದ್ದು. ನೀವು ಡಬ್ಬಿ ಎತ್ತಿದ ಹೊತ್ತಲ್ಲ. ನಿಜವಾದ ಹೊತ್ತು ಬೇಕಾದರೆ ಫೋನಿನಲ್ಲಿ ಅವತ್ತು ತೆಗೆದ ಫೋಟೋದ ವಿವರ ನೋಡಿ.

ತಾರೀಖಿನಲ್ಲೂ ಒಂದು ಎಚ್ಚರ ಬೇಕು. ಸೈಟಿನ ಸೆಟ್ಟಿಂಗ್ ಅಮೆರಿಕದ ಪದ್ಧತಿಯಲ್ಲಿದ್ದರೆ ತಿಂಗಳು ಮೊದಲು ಬರುತ್ತದೆ. 08/03 ಅಂದರೆ ಆಗಸ್ಟ್ 3 ಆಗಿರಬಹುದು, ಮಾರ್ಚ್ 8 ಆಗಿರಬಹುದು. ಪುಸ್ತಕದಲ್ಲಿ ತಿಂಗಳ ಹೆಸರು ಅಕ್ಷರದಲ್ಲೇ ಬರೆಯಿರಿ. ಬಾದಾಮಿಯ ನಾಲ್ಕು ಗುಹೆಗಳಲ್ಲಿ ಮೂರನೆಯದರ ಕಾಲ ಮಾತ್ರ ಖಚಿತವಾಗಿ ಹೇಳುತ್ತಾರೆ. ಯಾಕೆಂದರೆ ಚಾಲುಕ್ಯರ ಮಂಗಳೇಶ ಅಲ್ಲಿ ಶಕ ವರ್ಷ 500, ಕಾರ್ತಿಕ ಹುಣ್ಣಿಮೆ ಅಂತ ಶಾಸನದಲ್ಲಿ ಬರೆಸಿಟ್ಟ. ಅಂದರೆ ಕ್ರಿ.ಶ. 578. ಉಳಿದ ಮೂರು ಗುಹೆಗಳ ಬಗ್ಗೆ ಪಂಡಿತರು ಇನ್ನೂ ವಾದ ಮಾಡುತ್ತಾರೆ. ನಮ್ಮ ಲಾಗ್‌ಗೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ ಬಿಡಿ. ಆದರೂ ತಾರೀಖು ಪೂರ್ತಿ ಇರಲಿ.

ಊರಿನ ಹೆಸರು ಮಾತ್ರ ತಿದ್ದಬೇಡಿ. 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರವಾಯಿತು, ಬೆಳಗಾಂ ಬೆಳಗಾವಿಯಾಯಿತು. ಅದಕ್ಕೂ ಹಿಂದಿನ ಲಾಗ್‌ಗಳಲ್ಲಿ ಹಳೆಯ ಹೆಸರೇ ಇರುತ್ತದೆ. ಹಾಗೇ ಇರಲಿ.

ಒಂದೊಂದು ಲಾಗ್‌ಗೂ ಏನೇನು ಬರೆಯಬೇಕು

ಲಾಗ್‌ನ ತಲೆಯ ಮೇಲೆ ಎರಡು ಸಾಲು ಸಾಕು. ತಾರೀಖು, ಹತ್ತಿರದ ಊರು, ಜಿಸಿ ನಂಬರ್, ಡಬ್ಬಿಯ ಬಗೆ, ಹುಡುಕುವುದು ಎಷ್ಟು ಕಷ್ಟ ಅನ್ನುವ ಅಂಕಿ, ದಾರಿ ಎಷ್ಟು ಕಷ್ಟ ಅನ್ನುವ ಅಂಕಿ. ಕೊನೆಯ ಎರಡು 1ರಿಂದ 5ರವರೆಗೆ ಇರುತ್ತವೆ ಅಂತ ಪುಸ್ತಕದ ಮೊದಲಲ್ಲೇ ಒಮ್ಮೆ ಹೇಳಿಬಿಡಿ. ಜೊತೆಗೆ ಯಾರು ಬಂದಿದ್ದರು ಅಂತ ಬರೆಯಿರಿ. ಇದನ್ನು ಆ್ಯಪ್ ಕೇಳುವುದೇ ಇಲ್ಲ, ಮನೆಯವರು ಮಾತ್ರ ಮೊದಲು ಅದನ್ನೇ ಹುಡುಕುತ್ತಾರೆ.

ಅಕ್ಷಾಂಶ ರೇಖಾಂಶ ಹಾಕಬೇಕೋ ಬೇಡವೋ ಅನ್ನುವುದು ನಿಮ್ಮ ಇಷ್ಟ. ನಾನು ಹಾಕಿದ್ದೇನೆ. ಆಟದಲ್ಲಿ ಬಳಸುವುದು ಡಿಗ್ರಿ ಮತ್ತು ದಶಮಾಂಶದ ಮಿನಿಟು. ಗೋಳಗುಮ್ಮಟಕ್ಕಾದರೆ ಉತ್ತರ 16° 49.8′, ಪೂರ್ವ 75° 44.2′ ಅಂತ ಬರುತ್ತದೆ. ಡಬ್ಬಿಗೆ ಮಿನಿಟಿನ ಮುಂದೆ ಮೂರು ದಶಮಾಂಶ ಇರುತ್ತವೆ. ಮೂರನೆಯ ಅಂಕಿ ಒಂದು ಹೆಚ್ಚು ಕಡಿಮೆಯಾದರೆ ಉತ್ತರ ದಕ್ಷಿಣಕ್ಕೆ ಸುಮಾರು 1.8 ಮೀಟರ್ ಫರಕು. ಆದ್ದರಿಂದ ಟೈಪ್ ಮಾಡಬೇಡಿ, ಕಾಪಿ ಮಾಡಿ. ಮಿಸ್ಟರಿ ಬಗೆಯ ಡಬ್ಬಿಯಾದರೆ ಒಗಟು ಬಿಡಿಸಿ ಸಿಕ್ಕ ಕೊನೆಯ ಜಾಗ ಹಾಕಬೇಡಿ, ಸೈಟಿನಲ್ಲಿ ಎಲ್ಲರಿಗೂ ಕಾಣುವ ಜಾಗ ಹಾಕಿ. ಪುಸ್ತಕ ಒಂದು ದಿನ ಬೇರೆ ಆಟಗಾರರ ಕೈಗೆ ಹೋಗದೇ ಇರುವುದಿಲ್ಲ. ಅರ್ಥ್‌ಕ್ಯಾಶ್‌ನಲ್ಲಿ ಡಬ್ಬಿ ಇರುವುದಿಲ್ಲ, ಕಲ್ಲು ಮಣ್ಣಿನ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಕಳಿಸಬೇಕು. ಆ ಉತ್ತರಗಳಿಗೂ ಇದೇ ನಿಯಮ. ಡಬ್ಬಿ ಅಡಗಿಸಿದ ಸಂದಿ ಕಾಣುವ ಫೋಟೋಗೂ ಇದೇ.

ಡಬ್ಬಿ ಇಟ್ಟವರು ಬರೆದ ವಿವರವನ್ನು ಪೂರ್ತಿ ಎತ್ತಿ ಹಾಕಬೇಡಿ. ಅದು ಅವರ ಬರಹ. ನಿಮ್ಮ ಮಾತಲ್ಲಿ ಎರಡು ಸಾಲು ಬರೆದರೆ ಆಯಿತು. ಬೇರೆಯವರ ಲಾಗ್ ಚೆನ್ನಾಗಿದ್ದು ಬೇಕೇ ಬೇಕು ಅನಿಸಿದರೆ ಅವರಿಗೆ ಮೆಸೇಜ್ ಹಾಕಿ ಕೇಳಿ. ಕೇಳಿದರೆ ಖುಷಿಯಿಂದಲೇ ಒಪ್ಪುತ್ತಾರೆ.

ಹಳೆಯ ಲಾಗ್ ತಿದ್ದುವುದು ಬೇಡ

ಹಳೆಯ ಲಾಗ್ ಓದಿದರೆ ಕೈ ತುರಿಸುತ್ತದೆ. ನನ್ನ ಮೊದಲಿನ ಲಾಗ್‌ಗಳಲ್ಲಿ ಮುಕ್ಕಾಲು ಬರೀ "ಟಿಎಫ್‌ಟಿಸಿ". ಡಬ್ಬಿ ಇಟ್ಟವರಿಗೆ ಥ್ಯಾಂಕ್ಸ್ ಹೇಳುವ ನಾಲ್ಕಕ್ಷರ. ಅದನ್ನೇ ಪುಸ್ತಕದಲ್ಲಿ ಓದಿದರೆ ಏನು ಸಿಗುತ್ತದೆ? ಹಾಗಂತ ಈಗಿನ ಬುದ್ಧಿಯಿಂದ ಅವತ್ತಿನ ಲಾಗ್ ಹೊಸದಾಗಿ ಬರೆದರೆ ಅದು ಲಾಗ್ ಆಗಿ ಉಳಿಯುವುದಿಲ್ಲ.

ನಾನು ಕಂಡುಕೊಂಡ ದಾರಿ ಇದು. ಅವತ್ತಿನ ಲಾಗ್ ಒಂದಕ್ಷರ ಬದಲಿಸದೆ ಹಾಗೇ ಇರಲಿ, ತಪ್ಪು ಸ್ಪೆಲ್ಲಿಂಗ್ ಸಮೇತ. ಅದರ ಕೆಳಗೆ ಸ್ವಲ್ಪ ಒಳಕ್ಕೆ ಸರಿಸಿ, ಸಣ್ಣ ಅಕ್ಷರದಲ್ಲಿ, ಈಗ ನೆನಪಿರುವುದನ್ನು ಬರೆಯಿರಿ. ಬರೆದ ತಿಂಗಳು, ವರ್ಷ ಹಾಕಿ. ಓದುವವರಿಗೆ ಯಾವುದು ಅವತ್ತಿನದು, ಯಾವುದು ಆಮೇಲಿನದು ಅನ್ನುವುದು ಗೊತ್ತಾಗಬೇಕು.

ನನ್ನ ಪುಸ್ತಕದ ಒಂದು ಪುಟ ಹೀಗಿದೆ. ಮೇಲೆ, ಬಾದಾಮಿ ಬೆಟ್ಟದ ಒಂದು ಡಿಎನ್‌ಎಫ್: "ತುಂಬಾ ಹುಡುಕಿದೆವು. ಸಿಗಲಿಲ್ಲ. ಬಿಸಿಲು ಜಾಸ್ತಿ." ಅಷ್ಟೇ. ಕೆಳಗೆ ನಾನು ಸೇರಿಸಿದ್ದು:

"ಫೋನಿನ ಬಾಣ ಒಮ್ಮೆ ಅಗಸ್ತ್ಯ ತೀರ್ಥದ ಕಡೆ ತೋರಿಸುತ್ತಿತ್ತು, ಒಮ್ಮೆ ನಮ್ಮ ಬೆನ್ನ ಹಿಂದಿನ ಬಂಡೆಯ ಒಳಗೆ. ಎರಡೂ ಬದಿಗೆ ಕೆಂಪು ಬಂಡೆ ನೆಟ್ಟಗೆ ನಿಂತ ಸಂದಿ ಅದು. ಉಪಗ್ರಹದ ಸಿಗ್ನಲ್ ಬಂಡೆಗೆ ಬಡಿದು ಸುತ್ತಿ ಬಂದರೆ ಫೋನ್ ಲೆಕ್ಕ ತಪ್ಪುತ್ತದೆ. ಆಡು ಮೇಯಿಸುವ ಅಜ್ಜ ಒಬ್ಬರು ಮೇಲಿಂದ ನೋಡುತ್ತಿದ್ದವರು ಇಳಿದು ಬಂದು, 'ಏನ್ ಕಳಕೊಂಡೀರಬೇ?' ಅಂತ ಕೇಳಿದರು. ತಮ್ಮ, 'ಸಣ್ಣ ಡಬ್ಬಿರೀ ಅಜ್ಜಾರ' ಅಂದ. 'ಬಂಗಾರದ್ದೇನು?' 'ಅಲ್ರೀ, ಪ್ಲಾಸ್ಟಿಕ್‌ದು. ಒಳಗ ಒಂದ್ ಚೀಟಿ ಐತಿ.' ಅಜ್ಜ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಕೋಲಿನಿಂದ ಕಲ್ಲು ಸರಿಸುತ್ತ ತಾವೂ ಹುಡುಕಲು ನಿಂತರು. ಕೋಲು ಹಾಕದೆ ಕಲ್ಲ ಸಂದಿಗೆ ಕೈ ಹಾಕಬಾರದು, ಚೇಳಿರುತ್ತವೆ ಅಂತ ಬೈದರು. ಡಬ್ಬಿ ಸಿಗಲಿಲ್ಲ. ಅವರ ಜೊತೆ ಕೂತು ಬುತ್ತಿ ಬಿಚ್ಚಿದೆವು."

ನಮ್ಮವ್ವ ಪುಸ್ತಕ ಕೈಗೆ ಬಂದ ದಿನ ಓದಿ ನಕ್ಕಿದ್ದು ಇದೇ ಪುಟಕ್ಕೆ. ಸಿಕ್ಕ ಡಬ್ಬಿಗಳ ಪುಟಗಳನ್ನು ಸರಸರ ತಿರುವಿದಳು. ಹಾಗಾಗಿ ಡಿಎನ್‌ಎಫ್ ಬಿಡಬೇಡಿ ಅಂತ ಮತ್ತೆ ಹೇಳುತ್ತೇನೆ. ಸೈಟಿನಲ್ಲಿ ಅದನ್ನು ಹಾಕಲು ನಾಚುವವರು ಇದ್ದಾರೆ. ನಾಚಿಕೆ ಎಂಥದ್ದು? ಡಬ್ಬಿ ಕಳೆದಿರಬಹುದು ಅನ್ನುವ ಸುಳಿವು ಇಟ್ಟವರಿಗೆ ಸಿಗುವುದೇ ಅದರಿಂದ.

ಜೋಡಿಸುವುದು

ತಾರೀಖಿನ ಪ್ರಕಾರ ಜೋಡಿಸಿದರೆ ಬಾದಾಮಿ ಆದಮೇಲೆ ಬೆಳಗಾವಿ, ಮತ್ತೆ ಬಾದಾಮಿ, ಆಮೇಲೆ ವಿಜಯಪುರ ಅಂತ ಹಾರಾಡುತ್ತದೆ. ನಾನು ದಿಕ್ಕಿನ ಪ್ರಕಾರ ಮೂರು ಭಾಗ ಮಾಡಿದೆ. ಬಾದಾಮಿ, ಪಟ್ಟದಕಲ್ಲು, ಐಹೊಳೆ ಒಂದು. ಆಲಮಟ್ಟಿ ದಾಟಿ ವಿಜಯಪುರ ಒಂದು. ಘಟಪ್ರಭೆ ಹಿಡಿದು ಗೋಕಾಕ, ಬೆಳಗಾವಿ ಒಂದು. ಪ್ರತಿ ಭಾಗದ ಒಳಗೆ ತಾರೀಖಿನ ಪ್ರಕಾರ. ಒಂದೇ ದಾರಿಯಲ್ಲಿ ಬೇರೆ ಬೇರೆ ವರ್ಷ ಹೋದದ್ದು ಪಕ್ಕಪಕ್ಕ ಬಂದು ಓದಲು ಚೆನ್ನಾಗಿರುತ್ತದೆ. ಊರೂರು ವರ್ಗವಾಗುವ ನೌಕರಿಯವರಿಗೆ ವರ್ಷದ ಪ್ರಕಾರವೇ ಸರಿ ಹೋಗಬಹುದು.

ಡಬ್ಬಿ ಇಲ್ಲದ ಜಾಗಗಳಿಗೂ ಪುಟ ಕೊಡಿ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಗುಡಿ ಗುಮ್ಮಟದ ಸಂದಿಯಲ್ಲಿ ಡಬ್ಬಿ ಸಿಕ್ಕಿಸುವ ಹಾಗಿಲ್ಲ, ಸಿಕ್ಕಿಸಲೂ ಬಾರದು. ಆದರೆ ವಿಜಯಪುರಕ್ಕೆ ಹೋದವರು ಉಪ್ಪಲಿ ಬುರುಜಿನ ಹೊರಮೈಗೆ ಸುತ್ತಿಕೊಂಡ ಮೆಟ್ಟಿಲು ಹತ್ತದೆ, ಮಲಿಕ್-ಎ-ಮೈದಾನ್ ತೋಪು ಮುಟ್ಟದೆ ಬರುತ್ತಾರಾ? ಅದೆಲ್ಲ ಆ ದಿನದ ಲೆಕ್ಕದಲ್ಲಿ ಬರಬೇಕು.

ನಕ್ಷೆಗೆ ಫೋನಿನ ಸ್ಕ್ರೀನ್‌ಶಾಟ್ ಹಾಕಬೇಡಿ. ಛಾಪಿಸಿದಾಗ ಅಕ್ಷರವೆಲ್ಲ ಮಸುಕಾಗುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ತೆಗೆದುಕೊಳ್ಳಬಹುದು, ಅಡಿಯಲ್ಲಿ ಅವರ ಹೆಸರು ಹಾಕಬೇಕು. ನನ್ನದರಲ್ಲಿ ತಮ್ಮ ಪೆನ್ನಿನಿಂದ ಬಿಡಿಸಿದ ನಕ್ಷೆಗಳಿವೆ. ಅವನ ಮಲಪ್ರಭೆ ಎಲ್ಲಿಂದ ಎಲ್ಲಿಗೋ ಹರಿಯುತ್ತದೆ. ಇರಲಿ ಅಂತ ಬಿಟ್ಟೆ.

ಮೊದಲ ಪುಟದಲ್ಲಿ ಆಟ ಏನು ಅಂತ ಬರೆಯಿರಿ, ಮನೆಯವರಿಗೋಸ್ಕರ. ನಾನು ಬರೆದದ್ದು ಇಷ್ಟು: ಮೊದಲು ಅಮೆರಿಕದವರು ಜಿಪಿಎಸ್ ಸಿಗ್ನಲ್ಲನ್ನು ಜನಸಾಮಾನ್ಯರಿಗೆ ಬೇಕೆಂದೇ ಕೆಡಿಸಿ ಕೊಡುತ್ತಿದ್ದರು. 2000ದ ಮೇ 2ಕ್ಕೆ ಅದನ್ನು ನಿಲ್ಲಿಸಿದರು. ಮಾರನೇ ದಿನವೇ ಡೇವ್ ಉಲ್ಮರ್ ಅನ್ನುವವರು ಆರೆಗನ್ ರಾಜ್ಯದ ಕಾಡಲ್ಲಿ ಒಂದು ಬಕೆಟ್ ಇಟ್ಟು ಅದರ ಜಾಗವನ್ನು ಎಲ್ಲರಿಗೂ ಹೇಳಿದರು. ಒಳಗೆ ಒಂದು ನೋಟ್‌ಬುಕ್ಕು, ಪೆನ್ಸಿಲ್ಲು, ಮತ್ತೆ ಏನೇನೋ ಸಾಮಾನು, ಬೀನ್ಸ್ ತುಂಬಿದ ಡಬ್ಬಿಯೂ ಇತ್ತು. ಏನಾದರೂ ತಗೊಳ್ಳಿ, ಏನಾದರೂ ಇಡಿ, ಹೆಸರು ಬರೆಯಿರಿ. ಆಟ ಇವತ್ತಿಗೂ ಅಷ್ಟೇ.

ಫೋಟೋ, ಟಿಕೆಟ್, ಅಕ್ಷರ

ತಮ್ಮನ ಫೋನಿನಿಂದ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಂಡರೆ ಅದು ಫೋಟೋ ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ. ಛಾಪಿಸಲು ಇಂಚಿಗೆ 300 ಚುಕ್ಕಿ ಬೇಕು. 10 ಸೆಂ.ಮೀ. ಅಗಲದ ಫೋಟೋಗೆ ಸುಮಾರು 1,200 ಪಿಕ್ಸೆಲ್. ಒಂದು ಲಾಗ್‌ಗೆ ಒಂದೇ ಫೋಟೋ ಸಾಕು. ಎಲ್ಲರೂ ಸಾಲಾಗಿ ನಿಂತ ಸೆಲ್ಫಿ ಬೇಡ. ಚಪ್ಪಲಿ, ಬುತ್ತಿ, ಮುಳ್ಳು ಹತ್ತಿದ ಪಂಚೆ, ಇಂಥವು ಹೆಚ್ಚು ಮಾತಾಡುತ್ತವೆ.

ಬಸ್ ಟಿಕೆಟ್ ಇಟ್ಟುಕೊಂಡಿದ್ದರೆ ಈಗಲೇ ಸ್ಕ್ಯಾನ್ ಮಾಡಿ. ಕಂಡಕ್ಟರ್ ಮಶಿನ್‌ನಿಂದ ಹರಿದು ಕೊಡುವ ಟಿಕೆಟ್ ಬಿಸಿಗೆ ಕಪ್ಪಾಗುವ ಕಾಗದ. ಬಿಸಿಲಿಗೆ, ಅಂಟಿಗೆ ಅಕ್ಷರ ಹಾರಿಹೋಗುತ್ತದೆ. ಅಸಲಿ ಟಿಕೆಟ್ ಅಂಟಿಸಿದರೆ ಕೊನೆಗೆ ಉಳಿಯುವುದು ಬಿಳಿ ಚೀಟಿ.

ಕನ್ನಡದಲ್ಲಿ ಬರೆಯುವವರು ಒಂದು ಗಮನಿಸಿ. ಆ್ಯಪ್‌ನಿಂದ ಬಂದದ್ದು ಯೂನಿಕೋಡ್. ಅದನ್ನು ಹಳೆಯ ನುಡಿ ಫಾಂಟಿನಲ್ಲಿ ಕೆಲಸ ಮಾಡುವ ಡಿಟಿಪಿ ಅಂಗಡಿಗೆ ಕೊಟ್ಟರೆ ಓದಲಾಗದ ಚಿಹ್ನೆಗಳಾಗಿ ಬರುತ್ತದೆ. ಮನೆಯಲ್ಲೇ ಲಿಬ್ರೆಆಫೀಸ್‌ನಲ್ಲಿ ಜೋಡಿಸಿ, ಪಿಡಿಎಫ್ ಮಾಡಿ ಕೊಡಿ. ನೋಟೋ ಸೆರಿಫ್ ಕನ್ನಡ ಚೆನ್ನಾಗಿದೆ. ಸಾಲುಗಳ ನಡುವೆ ಅಂತರ ಜಾಸ್ತಿ ಇಡಿ, ಒಂದೂವರೆ ಪಟ್ಟು ಇದ್ದರೂ ಆಗಬಹುದು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಲಾಗ್‌ನಲ್ಲಿದ್ದ ಎಮೋಜಿ ತೆಗೆದುಬಿಡಿ, ಛಾಪಿಸುವಾಗ ಖಾಲಿ ಚೌಕ ಬೀಳುತ್ತವೆ.

ಕಟ್ಟಿಸುವುದು

ಸ್ಪೈರಲ್ ಬೇಡ. ಅದು ಪ್ರಾಜೆಕ್ಟ್ ರಿಪೋರ್ಟ್. ಬಿಸಿ ಅಂಟು ಹಾಕಿದ ಬೆನ್ನೂ ಬೇಡ. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ, ಪುಟ ಬಿಟ್ಟುಕೊಳ್ಳುತ್ತವೆ. ದಾರದಿಂದ ಹೊಲಿದು ಕಟ್ಟುವವರನ್ನು ಹುಡುಕಿ. ಕೋರ್ಟು, ಕಾಲೇಜಿನ ಸುತ್ತಮುತ್ತ ಹಳೆಯ ರಿಜಿಸ್ಟರ್ ಕಟ್ಟುವವರು ಇನ್ನೂ ಇದ್ದಾರೆ. ನನಗೆ ಸಿಕ್ಕ ಕಾಕಾ ಕನ್ನಡಕದ ಮೇಲಿಂದ ನೋಡಿ ಮೊದಲು ಕೇಳಿದ್ದು, "ಎಷ್ಟು ಫಾರಂ ಆಗತೈತವ್ವಾ?"

ಫಾರಂ ಅಂದರೆ 16 ಪುಟದ ಕಂತೆ. ನಾಲ್ಕು ಎ4 ಹಾಳೆ ಒಂದರೊಳಗೊಂದು ಇಟ್ಟು ಮಡಚಿದರೆ ಎ5 ಅಳತೆಯ 16 ಪುಟ. ಲಿಬ್ರೆಆಫೀಸ್‌ನ ಪ್ರಿಂಟ್ ಕಿಟಕಿಯಲ್ಲಿ ಬ್ರೋಶರ್ ಅನ್ನುವ ಆಯ್ಕೆ ಇದೆ. ಅದನ್ನು ಆರಿಸಿ 1ರಿಂದ 16, ಆಮೇಲೆ 17ರಿಂದ 32, ಹೀಗೆ ಒಂದೊಂದು ಫಾರಂ ಬೇರೆ ಬೇರೆ ಛಾಪಿಸಿ. ಒಟ್ಟಿಗೆ ಕೊಟ್ಟರೆ ಪೂರ್ತಿ ಪುಸ್ತಕ ಒಂದೇ ದಪ್ಪ ಮಡಿಕೆಯಾಗುತ್ತದೆ. ಬೆನ್ನಿನ ಕಡೆ 20 ಮಿ.ಮೀ. ಜಾಗ ಬಿಡಿ. ಕಾಗದ 80 ಜಿಎಸ್‌ಎಂ ಸಾಕು, ಫೋಟೋ ಹೆಚ್ಚಿರುವ ಫಾರಂಗೆ 100.

ಕಾಗದಕ್ಕೂ ಎಳೆ ಇರುತ್ತದೆ ಅನ್ನುವುದು ನನಗೆ ಕಾಕಾನಿಂದ ಗೊತ್ತಾಯಿತು. ಒಂದು ಹಾಳೆ ಹರಿದು ತೋರಿಸಿದರು. ಉದ್ದಕ್ಕೆ ನೇರ ಹರಿಯಿತು, ಅಡ್ಡಕ್ಕೆ ಓರೆಕೋರೆ. ನೇರ ಹರಿಯುವ ದಿಕ್ಕು ಪುಸ್ತಕದ ಬೆನ್ನಿಗೆ ಸಮನಾಗಿ ಇದ್ದರೆ ಪುಟ ಮೆತ್ತಗೆ ಬಿಚ್ಚಿಕೊಳ್ಳುತ್ತದೆ. ಅಂಗಡಿಯ ಎ4ರಲ್ಲಿ ಎಳೆ ಹೆಚ್ಚಾಗಿ ಉದ್ದಕ್ಕೇ ಇರುತ್ತದೆ. ಮಡಚಿದಾಗ ಬೆನ್ನಿಗೆ ಅಡ್ಡವಾಗಿ ಬಂದು ಪುಸ್ತಕ ಸೆಟೆದುಕೊಳ್ಳುತ್ತದೆ. ದೊಡ್ಡ ಹಾಳೆ ತಂದು ಅವರಿಂದಲೇ ಕತ್ತರಿಸಿಕೊಂಡರೆ ಈ ತೊಂದರೆ ಇಲ್ಲ.

ರಟ್ಟಿಗೆ ಏನು ಹೊದಿಸುವುದು? ರೆಕ್ಸಿನ್ ನನಗೆ ಇಷ್ಟವಿಲ್ಲ. ಖಣ ನೇಯುವ ಗುಳೇದಗುಡ್ಡ ಪಕ್ಕದಲ್ಲಿರುವಾಗ ರೆಕ್ಸಿನ್ ಯಾಕೆ? ಒಂದು ಕುಬಸದ ಖಣದಲ್ಲಿ ಎ5 ಅಳತೆಯ ಎರಡು ಪುಸ್ತಕದ ರಟ್ಟು ಆಗುತ್ತದೆ. ಆದರೆ ಖಣವನ್ನು ನೇರವಾಗಿ ರಟ್ಟಿಗೆ ಅಂಟಿಸಿದರೆ ಅಂಟು ಬಟ್ಟೆಯಿಂದ ಹೊರಗೆ ಒಸರಿ ಕಲೆಯಾಗುತ್ತದೆ. ಮೊದಲು ಬಟ್ಟೆಯ ಹಿಂದೆ ತೆಳು ಕಾಗದವನ್ನು ತೆಳ್ಳಗಿನ ಮೈದಾ ಅಂಟಿನಿಂದ ಕೂಡಿಸಿ, ಭಾರ ಹೇರಿ ಒಣಗಿಸಬೇಕು. ಆಮೇಲೆ ರಟ್ಟಿಗೆ. ಮೂಲೆಯ ತುಂಡೊಂದನ್ನು ನೀರಲ್ಲಿ ಅದ್ದಿ ಬಣ್ಣ ಬಿಡುತ್ತದಾ ನೋಡಿ, ಕೆಂಪು ಖಣವಾದರಂತೂ ನೋಡಲೇಬೇಕು. ಅಂಚು ಬೆನ್ನಿನ ಮೇಲೆ ನೆಟ್ಟಗೆ ಬರುವ ಹಾಗೆ ಗುರುತು ಹಾಕಿ ಕೊಡಿ. ಒಂದು ದಾರದಷ್ಟು ಸರಿದರೂ ಎದ್ದು ಕಾಣುತ್ತದೆ. ಮೈದಾ ಅಂಟಿಗೆ ಜಿರಲೆ ಬರುತ್ತವೆ ಅಂತ ಕಾಕಾ ಒಂದು ಚಿಟಿಕೆ ಮೈಲುತುತ್ತ ಕಲಸಿದರು. ಅದು ವಿಷ. ಮನೆಯಲ್ಲಿ ಮಾಡುವವರು ಅಡುಗೆ ಪಾತ್ರೆ ಮುಟ್ಟಬೇಡಿ.

ಕಟ್ಟುವ ಮೊದಲು ಕೊನೆಯಲ್ಲಿ ಒಂದು ಫಾರಂ ಖಾಲಿ ಸೇರಿಸಲು ಹೇಳಿ. ಆರ್ಕೈವ್ ಆದ ಡಬ್ಬಿಗಳ ಸುದ್ದಿ, ಮತ್ತೆ ಹೋದಾಗ ಕಂಡದ್ದು, ಎಲ್ಲ ಅಲ್ಲಿ ಕೈಬರಹದಲ್ಲಿ ಬರೆಯಬಹುದು. ಹಿಂದಿನ ರಟ್ಟಿನ ಒಳಗೆ ಒಂದು ಕಾಗದದ ಜೇಬು ಇದ್ದರೆ ಡಬ್ಬಿಯಲ್ಲಿ ಸಿಕ್ಕ ಚಿಲ್ಲರೆ ಸಾಮಾನು ಹೋಗುತ್ತದೆ. ದಪ್ಪ ನಾಣ್ಯ ಇಡಬೇಡಿ, ಪುಟದ ಮೇಲೆ ಅಚ್ಚು ಬೀಳುತ್ತದೆ.

ಎರಡನೇ ಪುಸ್ತಕಕ್ಕೆ ನಾನು ಈಗಿನಿಂದಲೇ ಸಾಮಾನು ಕೂಡಿಸುತ್ತಿದ್ದೇನೆ. ಡಬ್ಬಿಯ ಜಾಗದಲ್ಲೇ ಫೋನಿಗೆ ಮೂರು ಮಾತು ಹೇಳಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ: ಯಾರಿದ್ದರು, ಯಾರು ಮಾತಾಡಿಸಿದರು, ಏನು ತಿಂದೆವು. ಫೋಟೋ, ರೆಕಾರ್ಡಿಂಗ್, ಸ್ಕ್ಯಾನ್ ಮಾಡಿದ ಟಿಕೆಟ್, ಮೂರಕ್ಕೂ ಆ ಡಬ್ಬಿಯ ಜಿಸಿ ನಂಬರನ್ನೇ ಫೈಲಿನ ಹೆಸರಾಗಿ ಕೊಡಿ. ಜೋಡಿಸಲು ಕೂತಾಗ ಹುಡುಕಾಟ ಅರ್ಧ ಉಳಿಯುತ್ತದೆ.